ನಳದ ನೀರು, ನನ್ನ ಹೆರಳು

ನನ್ನ ಕೂದಲು ಎಷ್ಟುದ್ದ ಇರಬೇಕೆಂದು ನಾನೇ ತೀರ್ಮಾನಿಸಿದ್ದು ಕಡಿಮೆ. ಬಹಳ ವರ್ಷ ಅದನ್ನು ತೀರ್ಮಾನಿಸಿದ್ದು ನೀರು. ಹುಬ್ಬಳ್ಳಿ–ಧಾರವಾಡದ ನಡುವಿನ ಸತ್ತೂರಿನಲ್ಲಿ ಹುಟ್ಟಿ, ಅದೇ ಊರಿನ ಇನ್ನೊಂದು ಓಣಿಗೆ ಸೊಸೆಯಾಗಿ ಹೋಗಿ, ಈಗ ಆಸ್ಪತ್ರೆಯ ಹತ್ತಿರ ಖಾನಾವಳಿ ನಡೆಸುತ್ತಿರುವವಳು ನಾನು. ಬೆಂಗಳೂರಿನ ಗೆಳತಿಯರು ತಮ್ಮ ಜಡೆಯ ಕಥೆ ಹೇಳಲು ಕೂತರೆ ಮೊದಲು ಸಿನಿಮಾ ನಟಿಯರ ಹೆಸರು ಬರುತ್ತದೆ. ನನಗೆ ಮೊದಲು ನೆನಪಾಗುವುದು ಬಚ್ಚಲಿನ ಹಂಡೆ, ಬಾವಿಯ ಹಗ್ಗ, ನಳಕ್ಕೆ ನೀರು ಬಿಡುವ ದಿನ. ಸಿನಿಮಾವೂ ನಡುನಡುವೆ ಬಂದು ಹೋಗಿದೆ, ಅದನ್ನೂ ಹೇಳುತ್ತೇನೆ.

ನನಗೆ ನೆನಪಿಲ್ಲದ ಮೊದಲ ಕಟಿಂಗ್ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಆಯಿತಂತೆ. ಜಾವಳ ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಇರಬೇಕು, ಮೊದಲ ಕತ್ತರಿ ಅವನೇ ಆಡಿಸಬೇಕು. ನಮ್ಮ ಕಡೆ ಕೆಲವರು ಉಳವಿಗೆ, ಕೆಲವರು ಸವದತ್ತಿಗೆ ಹೋಗುತ್ತಾರೆ. ನಮಗೆ ಆರೂಢರೇ ಹತ್ತಿರ. ಬೋಳಿಸಿದರೆ ಮುಂದೆ ಕೂದಲು ದಟ್ಟ ಬರುತ್ತದೆ ಎಂದು ನನ್ನ ಅಜ್ಜಿ, ನಾವು ಕರೆಯುವಂತೆ ಆಯಿ, ಕೊನೆತನಕ ನಂಬಿದ್ದಳು. ಖಾನಾವಳಿಗೆ ಊಟಕ್ಕೆ ಬರುವ ಚರ್ಮರೋಗ ವಿಭಾಗದ ಹುಡುಗಿ ಡಾಕ್ಟರ್ ಇದನ್ನು ಕೇಳಿ ನಕ್ಕಳು. ತಲೆಯ ಮೇಲಿನ ಸುಮಾರು ಒಂದು ಲಕ್ಷ ಕೂದಲಿನ ಬೇರುಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಗೊತ್ತಾಗಿರುತ್ತವಂತೆ. ಬೋಳಿಸಿದ ಮೇಲೆ ಒಂದೂ ಹೆಚ್ಚುವುದಿಲ್ಲ. ಹೊಸದಾಗಿ ಮೂಡುವ ಕೂದಲಿಗೆ ಚೂಪು ತುದಿ ಇರದೆ ಮೊಂಡಾಗಿರುವುದರಿಂದ ಕೈಗೆ ಒರಟು ಹತ್ತುತ್ತದೆ. ದಪ್ಪ ಬಂತು ಅನ್ನಿಸುವುದು ಅದಕ್ಕೇ. ಆಯಿ ಇದ್ದಿದ್ದರೆ ಈ ಮಾತನ್ನು ಖಂಡಿತ ಒಪ್ಪುತ್ತಿರಲಿಲ್ಲ.

ಆಯಿಯ ಹೆರಳು ಬಿಚ್ಚಿದರೆ ಮೊಣಕಾಲು ಮುಟ್ಟುತ್ತಿತ್ತು. ಅವಳು ವಾರಕ್ಕೊಮ್ಮೆ ತಲೆ ಎರೆದುಕೊಳ್ಳುತ್ತಿದ್ದಳು. ಹಿಂದಿನ ರಾತ್ರಿ ಔಡಲೆಣ್ಣೆ, ಬೆಳಿಗ್ಗೆ ಸೀಗೆಪುಡಿ. ಸೀಗೆ ತೀರಿದ ವಾರ ಹೊಲದಿಂದ ತಂದ ಎರೆಮಣ್ಣನ್ನು ನೆನೆಸಿ, ಸೋಸಿ, ತಲೆಗೆ ಮೆತ್ತಿಕೊಳ್ಳುತ್ತಿದ್ದಳು. ನಮಗೆ ಅದು ನಗೆಯ ವಸ್ತು. ಆದರೆ ಕಪ್ಪು ಎರೆಮಣ್ಣಿನೊಳಗಿನ ನಯವಾದ ಜೇಡಿ ಎಣ್ಣೆ ಜಿಡ್ಡನ್ನು ಹೀರಿಕೊಳ್ಳುತ್ತದೆ. ಅಂಗಡಿಯಲ್ಲಿ ಮುಲ್ತಾನಿ ಮಿಟ್ಟಿ ಎಂದು ಪಾಕೀಟಿನಲ್ಲಿ ಮಾರುವುದೂ ಇದೇ ಗುಣದ ಮಣ್ಣನ್ನು. ತಲೆ ಎರೆಯುವ ದಿನ ಮನೆಯ ಹೆಣ್ಣುಮಕ್ಕಳೆಲ್ಲ ಸರತಿಯಲ್ಲಿ ಕೂರಬೇಕು. ಬಾವಿಯಿಂದ ಸೇದಿ ತಂದ ನೀರು, ಹಂಡೆಯ ಕೆಳಗೆ ಹತ್ತಿಕಟ್ಟಿಗೆ ಉರಿ. ಉದ್ದ ಹೆರಳಿನವರು ಮೊದಲು, ಮೋಟು ಹೆರಳಿನವರು ಕೊನೆಗೆ. ಕೊನೆಯವರ ಪಾಲಿಗೆ ಬರುವುದು ತಣ್ಣನೆಯ ನೀರು. ನನಗೆ ಉದ್ದ ಕೂದಲಿನ ಆಸೆ ಹುಟ್ಟಿದ್ದು ಹೀಗೆ, ಬಿಸಿನೀರಿಗಾಗಿ.

ಆದರೂ ನನ್ನದು ಸೊಂಟದ ಕೆಳಗೆ ಎಂದೂ ಇಳಿಯಲಿಲ್ಲ. ಎಣ್ಣೆ ಸಾಲಲಿಲ್ಲ, ದೃಷ್ಟಿ ಆಯಿತು ಎಂದೆಲ್ಲ ಅಂದರು. ಕಾರಣ ಬೇರೆ. ಪ್ರತಿಯೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಮೂರು ತಿಂಗಳು ಸುಮ್ಮನೆ ಕೂತು, ಉದುರುತ್ತದೆ. ಬೆಳೆಯುವ ವೇಗ ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಯಾರ ಕೂದಲಿಗೆ ಬೆಳೆಯುವ ಕಾಲ ದೀರ್ಘವೋ ಅವರದು ಮೊಣಕಾಲಿಗೆ ಬರುತ್ತದೆ. ನನಗೆ ಆ ಭಾಗ್ಯ ಇರಲಿಲ್ಲ. ಔಡಲೆಣ್ಣೆಯ ಮೇಲೆ ತಪ್ಪು ಹೊರಿಸಿ ಉಪಯೋಗವಿಲ್ಲ.

ಶಾಲೆಗೆ ಎರಡು ಹೆರಳು, ಮೇಲಕ್ಕೆ ಮಡಚಿ ಕೆಂಪು ರಿಬ್ಬನ್. ಅವ್ವ ಹಣಿಗೆ ಹಿಡಿದರೆ ಹುಬ್ಬು ಮೇಲೇರುವಷ್ಟು ಬಿಗಿ ಎಳೆಯುತ್ತಿದ್ದಳು. ಸಡಿಲ ಹಾಕಿದರೆ ಹೇನು ಹತ್ತುತ್ತವೆ ಎಂಬುದು ಅವಳ ಲೆಕ್ಕ. ವರ್ಷಗಟ್ಟಲೆ ಹಾಗೆ ಬಿಗಿದು ಕಟ್ಟಿದರೆ ಹಣೆಯ ಅಂಚಿನ ಬೇರುಗಳು ಸೋತು, ಅಲ್ಲಿ ಕೂದಲು ಮತ್ತೆ ಹುಟ್ಟದೆ ಹೋಗಬಹುದು. ನನ್ನ ವಾರಿಗೆಯ ಹೆಂಗಸರಲ್ಲಿ ಅನೇಕರ ಹಣೆ ಅಗಲವಾಗಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಓಣಿಯ ಒಂದು ಹುಡುಗಿಯ ಕೂದಲಿನ ಕಥೆ ಬೇರೆ. ಅವಳಿಗೆ ಬಹಳ ದಿನ ಜ್ವರ. ತಲೆ ಹಿಕ್ಕಲಿಲ್ಲ, ಎರೆಯಲಿಲ್ಲ. ಜ್ವರ ಬಿಟ್ಟು ಎದ್ದಾಗ ಹಿಂದಿನ ಕೂದಲೆಲ್ಲ ಗಂಟಾಗಿ ಹಗ್ಗದಂತೆ ಕೂಡಿಕೊಂಡಿತ್ತು. ನೋಡಲು ಬಂದ ಮುದುಕಿಯೊಬ್ಬಳು ಕೈ ಮುಗಿದು, "ಜಡಿ ಬಂದಾವು. ಎಲ್ಲಮ್ಮ ಕರಿಯಾಕತ್ತಾಳ" ಅಂದಳು. ಎಲ್ಲಮ್ಮನ ಸವದತ್ತಿ ಇಲ್ಲಿಂದ ದೂರವಿಲ್ಲ. ಹೀಗೆ ಜಡೆಗಟ್ಟಿದ ಹುಡುಗಿಯನ್ನು ಎಲ್ಲಮ್ಮನಿಗೆ ಬಿಡುವುದು ಆಗ ಕೇಳದ ಮಾತೇನೂ ಆಗಿರಲಿಲ್ಲ. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ ಕಾಯ್ದೆ ಮಾಡಿದ್ದು 1982ರಲ್ಲಿ, ಇದು ಅದಕ್ಕೂ ಮೊದಲಿನದು. ಆ ಹುಡುಗಿಯ ಚಿಗವ್ವ ಗಟ್ಟಿ ಹೆಂಗಸು. ಮುದುಕಿಗೆ ಚಹಾ ಕೊಟ್ಟು ಕಳಿಸಿ, ಬಾಗಿಲು ಹಾಕಿಕೊಂಡು, ಗಂಟಿಗೆ ಕೊಬ್ಬರಿ ಎಣ್ಣೆ ಸುರಿದು, ಬಿಡಿಸಲು ಬಂದಷ್ಟು ಬೆರಳಿನಿಂದ ಬಿಡಿಸಿ ಉಳಿದದ್ದನ್ನು ಕತ್ತರಿಸಿ ಒಲೆಗೆ ಹಾಕಿದಳು. ಹುಡುಗಿ ಮುಂದೆ ಮದುವೆಯಾಗಿ ಮಕ್ಕಳನ್ನು ಹಡೆದು ಸುಖವಾಗಿದ್ದಾಳೆ.

ಕೂದಲಿನ ಹೊರಮೈ ಸೂಕ್ಷ್ಮದರ್ಶಕದಲ್ಲಿ ಹಂಚು ಹೊದಿಸಿದ ಮಾಡಿನಂತೆ ಕಾಣುತ್ತದೆ. ಒಂದರ ಮೇಲೊಂದು ಪೊರೆ. ಜಿಡ್ಡು, ಧೂಳು ಸೇರಿ, ಬಹಳ ದಿನ ಹಣಿಗೆ ತಾಗದಿದ್ದರೆ ಈ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿಯಂತೆ ಹೆಣೆದುಬಿಡುತ್ತವೆ. ಪೋಲೆಂಡಿನಲ್ಲೂ ಒಂದು ಕಾಲಕ್ಕೆ ಇಂಥ ಜಡೆ ಕತ್ತರಿಸಿದರೆ ಕೇಡಾಗುತ್ತದೆ ಎಂದು ನಂಬಿದ್ದರಂತೆ. ನಮ್ಮ ಕಡೆ ಈಗಲೂ ಸಾಮಾಜಿಕ ಕಾರ್ಯಕರ್ತರು ಮನೆಯವರನ್ನು ಒಪ್ಪಿಸಿ ಜಡೆ ತೆಗೆಸಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಆ ಸುದ್ದಿ ಓದಿದಾಗಲೆಲ್ಲ ನನಗೆ ಅನ್ನಿಸುವುದು, ಎರಡು ಕೊಡ ಬಿಸಿನೀರು, ಒಂದು ಹಣಿಗೆ, ಬಿಡುವಿರುವ ಒಂದು ಜೊತೆ ಕೈ ಇದ್ದ ಮನೆಯಲ್ಲಿ ಎಲ್ಲಮ್ಮ ಕರೆದದ್ದು ಕಡಿಮೆ.

ಗಂಡುಮಕ್ಕಳ ತಲೆಯ ಕಥೆ ಸಣ್ಣದು. ಅಪ್ಪನಿಗೆ, ಅಣ್ಣನಿಗೆ ಕಟಿಂಗ್ ಮಾಡಲು ಹಡಪದ ಸಮಾಜದ ಹಿರಿಯರೊಬ್ಬರು ಮನೆಗೇ ಬರುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ಜೋಳದ ಆಯ. ಬಸವಣ್ಣನವರ ಬಳಗದ ಹಡಪದ ಅಪ್ಪಣ್ಣನವರ ಹೆಸರನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಸೋಮವಾರ ಲಿಂಗಾಯತರ ಮನೆಯಲ್ಲಿ ಕತ್ತರಿ ಇಲ್ಲ, ಶ್ರಾವಣದಲ್ಲಂತೂ ತಿಂಗಳಿಡೀ ದಾಡಿಯೂ ಇಲ್ಲ. ಎಪ್ಪತ್ತರ ದಶಕದ ಕೊನೆಗೆ ಅಣ್ಣ ಅಮಿತಾಭ್ ಬಚ್ಚನ್ ಥರ ಕಿವಿ ಮುಚ್ಚುವ ಕೂದಲು ಬಿಟ್ಟು ಧಾರವಾಡದ ಸಲೂನಿಗೆ ಹೋಗತೊಡಗಿದ ಮೇಲೆ ಅಪ್ಪ ಅವನನ್ನು "ಹಿಪ್ಪಿ" ಎಂದೇ ಕರೆಯುತ್ತಿದ್ದರು. ಅಣ್ಣನ ತಲೆ ಈಗ ಪೂರ್ತಿ ಬೋಳು. ಇರಲಿ.

ನಾನು ಕರ್ನಾಟಕ ಕಾಲೇಜಿಗೆ ಸೇರಿದ್ದು 1983ರಲ್ಲಿ. ಧಾರವಾಡದ ಹಾಸ್ಟೆಲಿನ ಹುಡುಗಿಯರನ್ನು ನೋಡಿ ಹಣೆಯ ಮೇಲೆ ಸಾಧನಾ ಕಟ್ ಮಾಡಿಸಿಕೊಂಡೆ. ನಟಿ ಸಾಧನಾ 'ಲವ್ ಇನ್ ಸಿಮ್ಲಾ' ಸಿನಿಮಾದಲ್ಲಿ ಹಾಗೆ ಕತ್ತರಿಸಿಕೊಂಡದ್ದು 1960ರಲ್ಲಿ. ಅಗಲವಾದ ಹಣೆ ಮುಚ್ಚಲು ನಿರ್ದೇಶಕ ಆರ್.ಕೆ. ನಯ್ಯರ್ ಹಾಲಿವುಡ್ಡಿನ ಆಡ್ರೆ ಹೆಪ್‌ಬರ್ನ್ ಮಾದರಿ ತೋರಿಸಿ ಮಾಡಿಸಿದ್ದಂತೆ. ಹಾಲಿವುಡ್ಡಿನಿಂದ ಮುಂಬಯಿಗೆ ಬಂದ ಆ ಕಟ್ ಸತ್ತೂರು ತಲುಪುವಾಗ ಎರಡು ದಶಕ ದಾಟಿತ್ತು. ಅವ್ವ ಏನೂ ಅನ್ನಲಿಲ್ಲ. ಆಯಿ ಮಾತ್ರ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಹಣಿ ತುಂಬ ಕೂದ್ಲಾ ಇಳಿಬಿಟ್ಟಿ. ಇಬತ್ತಿ ಎಲ್ಲಿ ಹಚ್ಕೋತಿ?" ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಮುಂದಿನ ಪೂಜೆಗಳಿಗೆಲ್ಲ ಕ್ಲಿಪ್ಪು ಹಾಕಿ ಹಣೆ ಖುಲ್ಲಾ ಮಾಡಿಕೊಂಡೇ ಕೂತೆ.

ಆ ಹೊತ್ತಿಗೆ ಶಾಂಪೂ ಪಾಕೀಟು ಬಂತು. ತಮಿಳುನಾಡಿನ ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ ಎಂಬವರು ಚಿಕ್ ಶಾಂಪೂ ಶುರು ಮಾಡಿದ್ದು 1983ರಲ್ಲೇ. ಬಾಟಲಿ ಕೊಳ್ಳಲಾಗದವರೂ ಒಂದು ತಲೆಗೆ ಸಾಲುವಷ್ಟನ್ನು ಚಿಲ್ಲರೆ ಕಾಸಿಗೆ ಒಯ್ಯುವಂತಾಯಿತು. ನಮ್ಮಂಥ ಊರಿನಲ್ಲಿ ಅದು ಗೆದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಬಾವಿ ಬತ್ತಿ ಬೋರು ಬಂದಿದ್ದವು. ಬೋರಿನದು ಗಡಸು ನೀರು. ಅದರೊಳಗಿನ ಸುಣ್ಣದ ಅಂಶ ಮೈಸೋಪಿನ ಜೊತೆ ಸೇರಿ ಕರಗದ ಕೆನೆಯಾಗುತ್ತದೆ. ಬಕೀಟಿನ ಅಂಚಿಗೆ ಹತ್ತುವ ಬಿಳಿ ಜಿಡ್ಡು ಅದೇ. ಕೂದಲಿಗೂ ಅದೇ ಅಂಟಿಕೊಂಡು ತಲೆ ತೊಳೆದಷ್ಟೂ ಮಂಕಾಗುತ್ತಿತ್ತು. ಶಾಂಪೂವಿನ ನೊರೆಗೆ ಈ ತೊಂದರೆ ಇಲ್ಲ. ಸೀಗೆಗೂ ಇರಲಿಲ್ಲ ಅನ್ನಿ. ಆದರೆ ಸೀಗೆಪುಡಿಯ ಚರಟವನ್ನು ಉದ್ದ ಹೆರಳಿನಿಂದ ತೆಗೆಯಲು ಕೊಡಗಟ್ಟಲೆ ನೀರು ಬೇಕು. ನೀರು ಎಲ್ಲಿತ್ತು?

1989ರಲ್ಲಿ ಮದುವೆಯಾಯಿತು. ಬಸುರಿಯಾದಾಗ ಕುಬಸದ ದಿನ ಮಲ್ಲಿಗೆಯ ದಂಡೆ ಕಟ್ಟಿ, ಚೌರಿ ಸೇರಿಸಿ ಹೆರಳು ಹಾಕಿ, ಹಿಂದೆ ಕನ್ನಡಿ ಇಟ್ಟು ಫೋಟೊ ತೆಗೆಸಿದರು. ನನ್ನ ಹೆರಳು ಅಷ್ಟು ದಪ್ಪ ಕಂಡದ್ದು ಅದೊಂದೇ ಸಲ. ಹಡೆದ ಮೂರು ತಿಂಗಳಿಗೆ ಉದುರತೊಡಗಿತು. ಹಣಿಗೆ ಆಡಿಸಿದರೆ ಮುಷ್ಟಿ ತುಂಬ. ಬಾಣಂತಿತನದಲ್ಲಿ ತಣ್ಣೀರು ಮುಟ್ಟಿದ್ದಕ್ಕೆ ಎಂದು ಅತ್ತೆ, ಎಳೆಕೂಸು ನಿನ್ನ ಮುಖ ಗುರುತು ಹಿಡಿಯತೊಡಗಿದೆ, ಅದಕ್ಕೇ ಎಂದು ಅವ್ವ. ಎರಡನೆಯದು ಕೇಳಲು ಚೆಂದ. ನಿಜ ಸಂಗತಿ ಇಷ್ಟು: ಬಸುರಿಯಾಗಿದ್ದಾಗ ದೇಹದ ರಸದೂತಗಳು ಕೂದಲನ್ನು ಬೆಳೆಯುವ ಹಂತದಲ್ಲೇ ಹಿಡಿದಿಡುತ್ತವೆ. ಹೆರಿಗೆಯಾದ ಕೂಡಲೆ ಹಿಡಿತ ತಪ್ಪಿ ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ, ಮೂರು ತಿಂಗಳಿಗೆ ಒಟ್ಟಿಗೆ ಉದುರುತ್ತದೆ. ಸಾಮಾನ್ಯ ದಿನಗಳಲ್ಲೂ ದಿನಕ್ಕೆ 50ರಿಂದ 100 ಉದುರುವುದು ಸಹಜ. ದೊಡ್ಡ ಜ್ವರ ಬಂದು ಹೋದರೂ ಇದೇ ಕಥೆ. ಕೊರೊನಾ ಬಂದು ಹೋದ ಮೇಲೆ ಎಷ್ಟೋ ಜನ ಗಾಬರಿಯಾಗಿದ್ದು ಇದಕ್ಕೇ. ಮತ್ತೆ ಬರುತ್ತದೆ, ನನಗೂ ಬಂತು.

ಗಂಡನ ಮನೆಯಲ್ಲಿ ನಳ ಇತ್ತು. ಅವಳಿ ನಗರಕ್ಕೆ ನೀರು ಬರುವುದು ಬೇಡ್ತಿ ಹಳ್ಳದ ನೀರಸಾಗರದಿಂದ, ಮತ್ತೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ 1972ರಲ್ಲಿ ಕಟ್ಟಿ ಮುಗಿಸಿದ ಮಲಪ್ರಭೆಯ ಅಣೆಕಟ್ಟಿನಿಂದ. ಆದರೆ ಓಣಿಗೆ ಬಿಡುತ್ತಿದ್ದುದು ವಾರಕ್ಕೊಮ್ಮೆ, ಕೆಲವು ಬೇಸಿಗೆಯಲ್ಲಿ ಅದಕ್ಕೂ ತಡ. ನಡುರಾತ್ರಿ ಯಾರೋ "ನೀರ ಬಂತ್ರೆಬೇ!" ಎಂದು ಕೂಗಿದರೆ ಓಣಿಗೆ ಓಣಿಯೇ ಎದ್ದು ಕೊಡ, ಪಾತೇಲಿ, ಕೂಸಿನ ಟಬ್ಬು ಎಲ್ಲ ತುಂಬಿಸುತ್ತಿತ್ತು. ಮರುದಿನ ಅಂಗಳದಲ್ಲಿ ಹೆಂಗಸರೆಲ್ಲ ಕೂದಲು ಬಿಚ್ಚಿ ಒಣಗಿಸುತ್ತ ಕೂತಿರುತ್ತಿದ್ದರು. ಪಂಚಾಂಗದ ಪ್ರಕಾರ ಹೆಂಗಸರು ತಲೆ ಎರೆದುಕೊಳ್ಳುವ ವಾರ, ಎರೆದುಕೊಳ್ಳಬಾರದ ವಾರ ಎಂದೆಲ್ಲ ಇತ್ತು. ನಳ ಬಂದ ಮೇಲೆ ಅತ್ತೆಯೇ ಆ ಪಂಚಾಂಗವನ್ನು ಬದಿಗಿಟ್ಟರು. ಆ ವರ್ಷಗಳಲ್ಲಿ ನನ್ನದು ಸದಾ ತುರುಬು. ಅಂದಕ್ಕಲ್ಲ, ಜಿಡ್ಡು ಕಾಣದಿರಲಿ ಎಂದು.

ಸತ್ತೂರಿಗೆ 1986ರಲ್ಲೇ ಎಸ್‌ಡಿಎಂ ದಂತ ಕಾಲೇಜು ಬಂದಿತ್ತು. 2003ರಲ್ಲಿ ವೈದ್ಯಕೀಯ ಕಾಲೇಜೂ ಶುರುವಾಯಿತು. ರೋಗಿಗಳ ಕಡೆಯವರು, ವಿದ್ಯಾರ್ಥಿಗಳು ಊಟಕ್ಕೆ ಅಲೆಯುವುದನ್ನು ನೋಡಿ ನಾವು ಖಾನಾವಳಿ ತೆರೆದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ. ಅದೇ ವರ್ಷ ಕರ್ನಾಟಕಕ್ಕೆ ಸತತ ಮೂರನೆಯ ಬರಗಾಲ. ಟ್ಯಾಂಕರ್ ನೀರು ದುಡ್ಡು ಕೊಟ್ಟು ತರಿಸುತ್ತಿದ್ದೆವು. ಅಕ್ಕಿ ತೊಳೆಯಲು, ತಾಟು ತೊಳೆಯಲು ಅಳೆದು ಬಳಸುವ ನೀರಿನಲ್ಲಿ ನನ್ನ ತಲೆಗೆ ಎಷ್ಟು? ಮೇಲಾಗಿ ಒಲೆಯ ಮುಂದೆ ಬೆವರು. ಗಿರಾಕಿಯ ತಾಟಿನಲ್ಲಿ ಒಂದೇ ಒಂದು ಉದ್ದ ಕೂದಲು ಬಂದರೂ ಅದು ಯಾರದೆಂದು ಕೇಳಬೇಕಾಗಿಯೇ ಇರಲಿಲ್ಲ.

ಹುಬ್ಬಳ್ಳಿಯ ಬ್ಯೂಟಿ ಪಾರ್ಲರಿಗೆ ಹೋಗಿ ಕುತ್ತಿಗೆ ಮಟ್ಟಕ್ಕೆ ಕತ್ತರಿಸಿಕೊಂಡೆ. ಪಾರ್ಲರಿನ ಹುಡುಗಿ ಹೆರಳನ್ನು ಮೇಲೂ ಕೆಳಗೂ ರಬ್ಬರಿನಿಂದ ಬಿಗಿದು ಒಂದೇ ಏಟಿಗೆ ಕತ್ತರಿಸಿ ಕೈಯಲ್ಲಿಟ್ಟಳು. ಮನೆಗೆ ಬಂದಾಗ ಅತ್ತೆ ನನ್ನನ್ನು ನೋಡಿ ಗೋಡೆಗೆ ಮುಖ ತಿರುಗಿಸಿದರು. "ಗಂಡ ಗುಂಡಕಲ್ಲಿನಂಗ ಇರೋವಾಗ ಕೂದ್ಲ ಯಾಕ ಕತ್ತರಿಸಿದೆವಾ?" ನಮ್ಮ ಮನೆಯವರು ಅವರ ಪಕ್ಕ ಕೂತು, "ಯವ್ವಾ, ಬರ್ತಿರೋ ಗಿರಾಕಿ ಓಡಿ ಹೋದ್ರ ನನಗ ಉಣ್ಣಾಕ ಯಾರ್ ಹಾಕ್ತಾರು?" ಅಂದರು. ಆಮೇಲೆ ಆ ಮಾತು ಎತ್ತಲಿಲ್ಲ.

ಅತ್ತೆಯ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ಲಿಂಗಾಯತರಲ್ಲಿ ವಿಧವೆಯರ ತಲೆ ಬೋಳಿಸುವ ಪದ್ಧತಿ ಇರಲಿಲ್ಲ, ಆದರೆ ಧಾರವಾಡದ ಕೆಲವು ಮನೆಗಳಲ್ಲಿ ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದ ವಿಧವೆ ಅಜ್ಜಿಯರನ್ನು ನಾನೇ ಕಂಡಿದ್ದೇನೆ. ಇಂಥ ವಿಧವೆಯೊಬ್ಬಳ ಕಥೆಯಾದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದಾಗ ಕಾಲೇಜಿನ ನಮ್ಮ ಗುಂಪಿನಲ್ಲಿ ಅದೇ ಮಾತು. ಇನ್ನೂ ಹಿಂದೆ, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ ಇನ್ನು ವಿಧವೆಯರ ತಲೆಗೆ ಕತ್ತಿ ಹಿಡಿಯುವುದಿಲ್ಲ ಎಂದು ನಿಶ್ಚಯಿಸಿದ್ದರು. ಅವರ ಬೆನ್ನಿಗಿದ್ದವರು ಫುಲೆಯವರ ಅನುಯಾಯಿ, ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆ. ಸುಧಾರಕರ ಭಾಷಣಗಳಿಗಿಂತ ಈ ಒಂದು ನಿರ್ಧಾರ ನನಗೆ ಹೆಚ್ಚಿನದಾಗಿ ಕಾಣುತ್ತದೆ. ಕತ್ತಿ ಯಾರ ಕೈಯಲ್ಲಿತ್ತೋ ಅವರೇ ಬೇಡ ಅಂದರಲ್ಲ.

ಕತ್ತರಿಸಿದ ಹೆರಳು ಪೆಟ್ಟಿಗೆಯಲ್ಲಿ ಕೆಲವು ಕಾಲ ಇತ್ತು. ಒಂದು ದಿನ "ಕೂದಲಿಗೆ ಪಾತ್ರೆ" ಎಂದು ಕೂಗುತ್ತ ಬಂದವನಿಗೆ ಕೊಟ್ಟು ಸ್ಟೀಲಿನ ಡಬರಿ ಇಸಕೊಂಡೆ. ಈ ಕೂದಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ "ಕೊಪ್ಪಳಕ್ಕ" ಅಂದ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಕೂದಲೇ ದೊಡ್ಡ ಉದ್ಯೋಗ. ಹಳ್ಳಿಹಳ್ಳಿಯಿಂದ ಬಂದ ಸಿಕ್ಕುಗಂಟನ್ನು ಹೆಂಗಸರು ಕೂತು ಬಿಡಿಸಿ, ತೊಳೆದು, ಉದ್ದ ನೋಡಿ ಬೇರೆ ಬೇರೆ ಕಟ್ಟು ಮಾಡುತ್ತಾರೆ. ಅಲ್ಲಿಂದ ಪರದೇಶಕ್ಕೆ, ವಿಗ್ಗು ಮಾಡಲು. ತಿರುಪತಿಯಲ್ಲಿ ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನವೇ ಹರಾಜು ಹಾಕುತ್ತದೆ. ನಮ್ಮ ಓಣಿಗಳ ಹಣಿಗೆಗೆ ಸಿಕ್ಕ ಕೂದಲು ಮಾತ್ರ ಪಾತ್ರೆ, ಪಿನ್ನು, ಬಲೂನಿನ ಲೆಕ್ಕದಲ್ಲೇ ಹೋಗುತ್ತದೆ. ಆ ಡಬರಿಯಲ್ಲಿ ಈಗಲೂ ಮೊಸರು ಹೆಪ್ಪು ಹಾಕುತ್ತೇನೆ.

ಆಮೇಲಿನ ವರ್ಷಗಳು ಕಪ್ಪು ಬಣ್ಣದವು. ನರೆತ ಕೂದಲಿಗೆ ಮೊದಲು ಮೆಹಂದಿ, ನಂತರ ಡೈ. ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳ ದಾಸ್ತಾನು ವಯಸ್ಸಾದಂತೆ ಮುಗಿಯುತ್ತದೆ, ಆಗ ಕೂದಲು ಬಿಳಿಯಾಗಿಯೇ ಹುಟ್ಟುತ್ತದೆ. ಡೈ ಪಾಕೀಟಿನ ಕಡುಗಪ್ಪಿಗೆ ಕಾರಣ ಪಿಪಿಡಿ ಎಂಬ ರಾಸಾಯನಿಕ. ಕೆಲವರಿಗೆ ಅದು ಒಗ್ಗದೆ ತುರಿಕೆ, ಬಾವು ಬರುತ್ತದೆ. 'ಕಪ್ಪು ಮೆಹಂದಿ' ಎಂದು ಮಾರುವುದರಲ್ಲೂ ಅದೇ ಇರುವುದುಂಟು. ನನಗೆ ಕಿವಿಯ ಹಿಂದೆ ಕೆಂಪಗಾಗುತ್ತಿತ್ತು. ಮೇಲೆ ಅದನ್ನು ತೊಳೆಯಲು ಮತ್ತೆ ಬಕೀಟುಗಟ್ಟಲೆ ನೀರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಖಾನಾವಳಿ ಮುಚ್ಚಿತು, ಪಾರ್ಲರೂ ಮುಚ್ಚಿತು. ನೋಡುವವರೇ ಇಲ್ಲದ ಮೇಲೆ ಡೈ ಯಾಕೆ ಎಂದು ಬಿಟ್ಟೆ. ಬೈತಲೆಯಿಂದ ಎರಡು ಬಣ್ಣದ ಪಟ್ಟೆ ಇಳಿಯುತ್ತ ಹೋಗಿ, ಕೊನೆಗೆ ಕಪ್ಪು ತುದಿಗಳನ್ನು ಮಗಳ ಕೈಯಿಂದ ಕತ್ತರಿಸಿಕೊಂಡೆ. ಖಾನಾವಳಿ ಮತ್ತೆ ತೆರೆದಾಗ ಬೆಳ್ಳಗಿನ ಗಿಡ್ಡ ಕೂದಲಿನವಳು ನಾನು. ಮೊದಲ ದಿನ ಬಂದ ಹಳೆಯ ಗಿರಾಕಿಯೊಬ್ಬರು, "ಅಕ್ಕಾರು ಒಳಗ ಅದಾರೇನ್ರಿ?" ಎಂದು ನನ್ನನ್ನೇ ಕೇಳಿದರು.

ಈಗ ಒಂದು ತಂಬಿಗೆ ನೀರಿನಲ್ಲಿ ನನ್ನ ತಲೆ ತೊಳೆಯುವುದು ಮುಗಿಯುತ್ತದೆ. 2008ರ ಹೊತ್ತಿಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರ್ಗಿಯ ಕೆಲವು ವಾರ್ಡುಗಳಿಗೆ ವಿಶ್ವಬ್ಯಾಂಕಿನ ನೆರವಿನಲ್ಲಿ ಇಪ್ಪತ್ನಾಲ್ಕು ತಾಸಿನ ನೀರು ಬಂದಿತ್ತು. ಅಂಥ ಓಣಿಗೆ ಮದುವೆಯಾಗಿ ಹೋದ ನನ್ನ ಚಿಕ್ಕ ತಂಗಿಯ ಹೆರಳು ಇವತ್ತಿಗೂ ಉದ್ದ. ಅಕ್ಕತಂಗಿಯರು ಒಂದೇ ತಾಯಿಯ ಮಕ್ಕಳು, ಒಂದೇ ಎಣ್ಣೆ ಹಚ್ಚಿ ಬೆಳೆದವರು. ಬೇರೆ ಇದ್ದದ್ದು ನಳ ಒಂದೇ.

ಮೊಮ್ಮಗಳು ಮೊನ್ನೆ, "ಆಯಿ, ನಮ್ಮ ನಳಕ್ಕ ದಿನಾ ನೀರ ಬಂದ್ರ ನೀನೂ ಮತ್ತ ಉದ್ದ ಬಿಡ್ತಿಯೇನ?" ಎಂದು ಕೇಳಿದಳು. ತಿಂಗಳಿಗೆ ಒಂದು ಸೆಂಟಿಮೀಟರ್ ಲೆಕ್ಕ ಹಾಕಿ, ಸೊಂಟ ಮುಟ್ಟಲು ಐದಾರು ವರ್ಷ ಬೇಕು, ಈ ವಯಸ್ಸಿಗೆ ಬೆಳೆಯುವ ಕಾಲವೇ ಮೋಟಾಗಿರುತ್ತದೆ, ಹೆಗಲು ದಾಟಿದರೆ ಹೆಚ್ಚು ಎಂದು ಹೇಳಿದೆ. ಅವಳಿಗೆ ಲೆಕ್ಕ ಬೇಕಿರಲಿಲ್ಲ, ಹೆರಳು ಹಾಕಿಸಿಕೊಳ್ಳಬೇಕಿತ್ತು. ಅವಳ ಶಾಲೆಯಲ್ಲಿ ಈಗಲೂ ಎರಡು ಹೆರಳೇ ಕಡ್ಡಾಯ, ರಿಬ್ಬನ್ ಮಾತ್ರ ಕಪ್ಪು. ನಾನು ಎಳೆಯದೆ ಸಡಿಲ ಹಾಕುತ್ತೇನೆ. ಮೂರನೆಯ ಪಿರಿಯಡ್ಡಿಗೇ ಬಿಚ್ಚಿಹೋಗುತ್ತವೆ ಎಂದು ಮಗಳಿಗೆ ನನ್ನ ಮೇಲೆ ಸಿಟ್ಟು.